ಅಳತೆಗೆ ನಿಂತವರು

ಇಂದಿರಾನಗರದ ನಮ್ಮ ರಸ್ತೆಯಲ್ಲಿ ಕಳೆದ ತಿಂಗಳು ಒಬ್ಬ ಹುಡುಗಿ ಮರಗಳ ಫೋಟೋ ತೆಗೆಯುತ್ತ ಬಂದಳು. ಮೈಮೇಲೆ ಹೊಳೆಯುವ ಪಟ್ಟಿಯ ಜಾಕೀಟು, ಕೈಯಲ್ಲಿ ಮೊಬೈಲು. ಅವಳ ಹಿಂದೆ ಬಣ್ಣದ ಡಬ್ಬ ಹಿಡಿದ ಒಬ್ಬಾತ ಕಾಂಡಗಳಿಗೆ ನಂಬರು ಬರೆಯುತ್ತಿದ್ದ. ರಸ್ತೆ ಅಗಲ ಮಾಡುತ್ತಾರಂತೆ. ಹಾಲು ತರಲು ಹೊರಟ ನಾನು ನಮ್ಮ ಗೇಟಿನೆದುರಿನ ಮಳೆಮರದ ಕೆಳಗೆ, ಪಿಂಚಣಿದಾರರು ನಿಲ್ಲುವ ಹಾಗೆ, ಸುಮ್ಮನೆ ನಿಂತು ನೋಡುತ್ತಿದ್ದೆ. ರಸ್ತೆಯ ಆಚೆ ಬದಿಗೆ ಹೋದ ಹುಡುಗಿ ಅಲ್ಲಿಂದಲೇ ಹೇಳಿದಳು: "ಸರ್, ಹಾಗೇ ನಿಂತಿರಿ. ಮರಕ್ಕೆ ಸ್ವಲ್ಪ ಹತ್ರ ಬನ್ನಿ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಮರ ಎಷ್ಟು ಎತ್ತರ ಅಂತ ಗೊತ್ತಾಗುತ್ತೆ."

ನಾನು ಹತ್ತಿರ ಸರಿದು ನಿಂತೆ. ನಿಂತಮೇಲೆ ಹೊಳೆಯಿತು: ನಮ್ಮ ದೊಡ್ಡಪ್ಪ ಬದುಕಿಡೀ ಮಾಡಿದ ಕೆಲಸ ಇದೇ.

ದೊಡ್ಡಪ್ಪ, ಅಂದರೆ ನಮ್ಮ ತಂದೆಯ ಅಣ್ಣ, ಅರಣ್ಯ ಇಲಾಖೆಯಲ್ಲಿ ಅಟೆಂಡರ್ ಆಗಿದ್ದರು. ಫೋಟೋ ತೆಗೆಯುವ ಸಾಹೇಬರ ಹಿಂದೆ ಕ್ಯಾಮೆರಾದ ಪೆಟ್ಟಿಗೆಯನ್ನೂ ಮೂರು ಕಾಲಿನ ಮರದ ಸ್ಟ್ಯಾಂಡನ್ನೂ ಹೊತ್ತು ಕಾಡು ತಿರುಗುವುದು ಕೆಲಸ. ಹಲಸೂರಿನ ಮನೆಯಿಂದ ಹೊರಟರೆ ಕೆಲವೊಮ್ಮೆ ಹದಿನೈದು ದಿನ ಪತ್ತೆಯೇ ಇರುತ್ತಿರಲಿಲ್ಲ. ಕಡಿಯುವ ಮೊದಲು ದೊಡ್ಡ ದೊಡ್ಡ ಮರಗಳ ಚಿತ್ರ ತೆಗೆದಿಡುವುದು ಆಗಿನ ಪದ್ಧತಿ. ಬರೀ ಮರದ ಚಿತ್ರ ತೆಗೆದರೆ ಅದು ದೊಡ್ಡದೋ ಚಿಕ್ಕದೋ ಹೇಗೆ ತಿಳಿಯಬೇಕು? ಅದಕ್ಕೆ ಬುಡದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಆ ಮನುಷ್ಯ ನಮ್ಮ ದೊಡ್ಡಪ್ಪ. "ಅಳತೆಗೆ ನಿಲ್ಲೋದು" ಎಂದು ಅವರು ಅದನ್ನು ಕರೆಯುತ್ತಿದ್ದರು. ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ದೊಡ್ಡಪ್ಪ ಕುಳ್ಳಗಿದ್ದರು. ಪಕ್ಕದಲ್ಲಿ ಕುಳ್ಳಗಿನವರು ನಿಂತರೆ ಮರ ಇನ್ನೂ ಎತ್ತರ ಕಾಣುತ್ತದೆ, ಹಾಗಾಗಿ ಸಾಹೇಬರಿಗೆ ಇವರೇ ಬೇಕು. "ಆ ಮರಗಳು ದೊಡ್ಡವಾಗಿದ್ದೇ ಇವರ ದೆಸೆಯಿಂದ" ಎಂದು ದೊಡ್ಡಮ್ಮ ಬಂದವರೆದುರು ಛೇಡಿಸುತ್ತಿದ್ದಳು. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಮೀಸೆಯಲ್ಲಿ ನಗುತ್ತಿದ್ದರು.

ಶಿವಾಜಿನಗರದ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳಿಂದ ಕಳಚಿಕೊಂಡ ಚಿತ್ರದ ಹಾಳೆಗಳನ್ನು ಆರಿಸುವ ಒಂದು ಚಟ ನನಗಿದೆ. ರಸೆಲ್ ಮಾರುಕಟ್ಟೆಗೆ ತರಕಾರಿಗೆಂದು ಹೋಗಿ, ತರಕಾರಿ ಮರೆತು, ಧೂಳು ಹಿಡಿದ ಹಾಳೆ ತಂದು ಬೈಸಿಕೊಂಡಿದ್ದೇನೆ. ಕ್ಯಾಮೆರಾ ಬರುವುದಕ್ಕೂ ಮುಂಚೆ ಹಲಗೆಯ ಮೇಲೆ ಕೊರೆದು ಅಚ್ಚು ಹಾಕಿದ ಕಾಡಿನ ಚಿತ್ರಗಳನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಒಂದೊಂದು ಎಲೆ, ಒಂದೊಂದು ಬಿಳಲನ್ನೂ ತಾಳ್ಮೆಯಿಂದ ಗೀರಿರುತ್ತಾರೆ. ಇನ್ನೊಮ್ಮೆ ಸಿಕ್ಕಿದರೆ ಆಲದ ಬುಡವನ್ನು ಗಮನಿಸಿ. ಅಲ್ಲಿ ರುಮಾಲು ಸುತ್ತಿದ ಒಬ್ಬ ಪುಟ್ಟ ಮನುಷ್ಯ ಕೋಲೂರಿಕೊಂಡು ನಿಂತಿರುತ್ತಾನೆ. ತೊಗಟೆಯ ಒಂದೊಂದು ಬಿರುಕನ್ನೂ ಬರೆದ ಕೈ ಇವನ ಮುಖದ ಹತ್ತಿರ ಬಂದಾಗ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿರುತ್ತದೆ. ಚಿತ್ರದ ಕೆಳಗೆ ಮರದ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ. ಅವನು ಯಾರ ಮನೆಯ ದೊಡ್ಡಪ್ಪನೋ ಯಾರೂ ಕೇಳಿಲ್ಲ.

ದೊಡ್ಡಪ್ಪ ನಿಂತ ಚಿತ್ರಗಳಲ್ಲಿ ಒಂದೇ ಒಂದರ ಪ್ರತಿ ನಮ್ಮವರ ಕೈಗೆ ಬಂದಿತ್ತು. ಸಾಹೇಬರು ಖುಷಿಯಿಂದ ಕೊಟ್ಟದ್ದು, ದಪ್ಪ ರಟ್ಟಿಗೆ ಅಂಟಿಸಿದ ತೇಗದ ಮರ. ಮರ ಪೂರ್ತಿ ಹಿಡಿಯಬೇಕೆಂದರೆ ಕ್ಯಾಮೆರಾ ಬಹಳ ಹಿಂದೆ ಹೋಗಬೇಕು. ಹಾಗಾಗಿ ದೊಡ್ಡಪ್ಪ ಅದರಲ್ಲಿ ಒಂದು ಅಕ್ಕಿಕಾಳಿನಷ್ಟಿದ್ದಾರೆ, ಮುಖ ಎಳ್ಳಿನಷ್ಟು. ಅದೂ ನೆರಳಿನಲ್ಲಿ. ಒಂದು ಕೈ ಸೊಂಟದ ಮೇಲಿದೆ ಎಂಬುದಷ್ಟೇ ಗೊತ್ತಾಗುತ್ತದೆ.

ಅವರ ಮುಖವಿರುವ ಇನ್ನೊಂದು ಚಿತ್ರ ಮನೆಯಲ್ಲಿರಲಿಲ್ಲ. ಮದುವೆಯ ಗುಂಪು ಫೋಟೋ ಇತ್ತು. ಅಗ್ಗದ ಮರದ ಚೌಕಟ್ಟಿಗೆ ಗೆದ್ದಲು ಹಿಡಿದು, ಚೌಕಟ್ಟನ್ನು ಮುಗಿಸಿ, ಮದುಮಕ್ಕಳನ್ನೂ ಮುಗಿಸಿತ್ತು. ಇಬ್ಬರೇ ಒಂದು ಫೋಟೋ ತೆಗೆಸಿಕೊಳ್ಳೋಣ ಎಂದು ದೊಡ್ಡಮ್ಮ ಪ್ರತಿ ದೀಪಾವಳಿಗೂ ಹೇಳುತ್ತಿದ್ದಳು. ವರ್ಷವೆಲ್ಲ ಫೋಟೋದಲ್ಲೇ ನಿಂತಿರ್ತೀನಲ್ಲೇ, ಮನೆಗೆ ಬಂದರೂ ನಿಲ್ಲಬೇಕಾ ಎಂದು ಅವರು ಕಾಲು ಚಾಚಿ ಕೂತುಬಿಡುತ್ತಿದ್ದರು. ಹೀಗೆ ಮುಂದೂಡುತ್ತ ಮುಂದೂಡುತ್ತ ಐವತ್ತು ದಾಟುವಷ್ಟರಲ್ಲಿ, ಒಂದು ಬೆಳಗ್ಗೆ ಬಚ್ಚಲಿನಿಂದ ಹೊರಬಂದವರು ಎದೆ ಹಿಡಿದುಕೊಂಡು ಕುಸಿದರು.

ವೈಕುಂಠ ಸಮಾರಾಧನೆಯ ದಿನ ಕುರ್ಚಿಯ ಮೇಲೆ ಇಡಲು ಫೋಟೋ ಬೇಕಲ್ಲ. ಬೇರೆ ದಾರಿಯಿಲ್ಲದೆ ತೇಗದ ಮರವನ್ನೇ ಇಟ್ಟು ಹಾರ ಹಾಕಿದೆವು. ದೂರದಿಂದ ಬಂದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ಮನುಷ್ಯನನ್ನು ಹುಡುಕಿ, ಪದ್ಧತಿಯಂತೆ ಹಣೆಗೆ ಗಂಧ ಇಟ್ಟರು. ಅವರು ಬೆರಳು ತೆಗೆದಾಗ ದೊಡ್ಡಪ್ಪ ಇರಲಿಲ್ಲ. ಗಂಧದ ಬೊಟ್ಟು ಅವರನ್ನು ತಲೆಯಿಂದ ಕಾಲಿನವರೆಗೆ ಮುಚ್ಚಿಬಿಟ್ಟಿತ್ತು. ಮರ ಮಾತ್ರ ಹಾರ ಹಾಕಿಕೊಂಡು ಗಂಭೀರವಾಗಿ ನಿಂತಿತ್ತು. ದೊಡ್ಡಮ್ಮ ಎದ್ದು ಬಂದು, ಸೆರಗಿನ ತುದಿ ಒದ್ದೆ ಮಾಡಿ, ಮೆಲ್ಲಗೆ ಒರೆಸಿ ಅವರನ್ನು ಹೊರಗೆ ತಂದಳು. ಅಷ್ಟು ದಿನ ಅಳದೇ ಇದ್ದವಳು ಆವತ್ತು ಅತ್ತಳು. ಮುಖ ಇರೋ ಒಂದು ಪಟ ಆಗಲೇಬೇಕು ಎಂದು ಅವಳು ಹಟ ಹಿಡಿದದ್ದು ಆಗಲೇ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಗಫೂರ್ ಸಾಹೇಬರು ಎಂಬ ಫೋಟೋ ಪೇಂಟರ್ ಇದ್ದರು. ಹೋದವರ ಚಿಕ್ಕ ಫೋಟೋವನ್ನು ದೊಡ್ಡದು ಮಾಡಿ, ಮೇಲೆ ಕುಂಚದಿಂದ ತಿದ್ದಿ, ಎಲ್ಲರಿಗೂ ಒಂದೇ ನಮೂನೆಯ ಕೋಟು ತೊಡಿಸಿ ಕೊಡುತ್ತಿದ್ದರು. ಆಗ ನನಗೆ ಹೊಸದಾಗಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಅರ್ಧ ದಿನ ರಜೆ ಹಾಕಿ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಗಫೂರ್ ಸಾಹೇಬರು ತೇಗದ ಮರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವಾರ ಬಿಟ್ಟು ಬನ್ನಿ ಅಂದರು. ವಾರದ ಮೇಲೆ ಹೋದಾಗ ದೊಡ್ಡದು ಮಾಡಿದ ಪ್ರತಿ ಮುಂದಿಟ್ಟರು. ಮುಖವಿರಬೇಕಾದ ಕಡೆ ರವೆ ಚೆಲ್ಲಿದ ಹಾಗೆ ಕಪ್ಪು-ಬಿಳಿ ಕಾಳುಗಳಿದ್ದವು.

"ಇದ್ರಲ್ಲಿ ಮುಖಾನೇ ಇಲ್ಲ ಅಮ್ಮಾ," ಎಂದರು ಸಾಹೇಬರು. "ಮನೇಲಿ ಅವರ ಥರ ಇರೋರು ಯಾರಾದ್ರೂ ಇದ್ರೆ ಕೂರಿಸಿ, ನೋಡ್ಕೊಂಡು ಬರೀತೀನಿ."

ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಮ್ಮ ತಂದೆ ಅಷ್ಟು ಹೊತ್ತಿಗಾಗಲೇ ತೀರಿಕೊಂಡಿದ್ದರು. ದೊಡ್ಡಮ್ಮ ನನ್ನ ಕಡೆ ತಿರುಗಿ, ಪಕ್ಕದಿಂದ ಒಮ್ಮೆ, ಎದುರಿನಿಂದ ಒಮ್ಮೆ ನೋಡಿ, ಮೂಗು ಇವನದೇ ಅಂದಳು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಮೂರು ನಾಲ್ಕು ಭಾನುವಾರ ನಾನು ಅಲ್ಲಿ ದೊಡ್ಡಪ್ಪನಾಗಿ ಕೂತೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು: ಕಣ್ಣು ಇಷ್ಟು ದೊಡ್ಡದಲ್ಲ, ಕೆನ್ನೆ ಇಷ್ಟು ತುಂಬಿಲ್ಲ, ಕೋಟು ಬೇಡ. ಸಾಹೇಬರು ಹೂಂಗುಟ್ಟುತ್ತ ತಿದ್ದುತ್ತಿದ್ದರು, ಕೋಟು ಮಾತ್ರ ಬಿಡಲಿಲ್ಲ. ಕೊನೆಯ ಭಾನುವಾರ ಅವಳು ಪಟವನ್ನು ಎದುರಿಗಿಟ್ಟುಕೊಂಡು ತುಂಬ ಹೊತ್ತು ನೋಡಿ, "ಆಯ್ತು ಬಿಡಿ" ಅಂದಳು. ಅದನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ತಿಥಿಯ ದಿನ, ನನ್ನದೇ ಮೂಗಿಗೆ ಹಾರ ಹಾಕಿ, ಅದರ ಕೆಳಗೇ ಕೂತು ವಡೆ ಪಾಯಸ ತಿನ್ನುವ ಯೋಗ ನನ್ನದಾಯಿತು. ಬಂದವರೆಲ್ಲ ಪಟವನ್ನೂ ನನ್ನನ್ನೂ ನೋಡಿ, ದೊಡ್ಡಪ್ಪನನ್ನೇ ತಂದು ಕೂರಿಸಿದ ಹಾಗಿದೆ ಅನ್ನುತ್ತಿದ್ದರು. ನಾನು ಉಬ್ಬುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಹಲಸೂರಿನ ಮನೆಗೆ ಕರೆದೊಯ್ದಾಗ ನನ್ನ ಹೆಂಡತಿ ಗೋಡೆ ನೋಡಿ ಗಾಬರಿಯಾಗಿ, ನಿಮ್ಮ ಫೋಟೋಗೆ ಯಾಕ್ರೀ ಹಾರ ಹಾಕಿದ್ದಾರೆ ಎಂದು ಕಿವಿಯಲ್ಲಿ ಕೇಳಿದಳು. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ದೊಡ್ಡಮ್ಮನೂ ನಗುತ್ತಿದ್ದಳು, ಅಥವಾ ಹಾಗೆಂದು ನನಗೆ ಕಾಣುತ್ತಿತ್ತು.

ಅವಳಿಗೆ ಎಂಬತ್ತು ಹತ್ತಿರವಾದಾಗ ನಮ್ಮ ಮನೆಗೆ ಬಂದು ಇದ್ದಳು. ಪಟವೂ ಅವಳ ಜೊತೆ ಬಂತು. ಒಂದು ಮಧ್ಯಾಹ್ನ ಆ ತೇಗದ ಮರ ತಾ ಅಂದಳು. ನನ್ನ ಭೂತಗನ್ನಡಿಯನ್ನೂ ಕೇಳಿದಳು. ಕಿಟಕಿಯ ಬೆಳಕಿನಲ್ಲಿ ಗಾಜನ್ನು ಮೇಲೆ ಕೆಳಗೆ ಆಡಿಸುತ್ತ ಆ ಎಳ್ಳಿನಷ್ಟು ಜಾಗವನ್ನು ನೋಡಿದಳು, ನೋಡಿದಳು. ನಾನು ಪೇಪರ್ ಓದುತ್ತಿದ್ದೆ. ಗಾಜನ್ನು ಮಡಿಲಲ್ಲಿಟ್ಟು, ಬೇರೆ ಯಾವುದೋ ವಿಷಯ ಹೇಳುವ ಹಾಗೆ ಹೇಳಿದಳು:

"ಅವರ ಮುಖ ಮರೆತೋಯ್ತು ಕಣೋ. ಕಣ್ಣು ಮುಚ್ಚಿದ್ರೆ ನೀನೇ ಬರ್ತೀಯ."

ನಾನು ಸಮಾಧಾನಕ್ಕೆಂದು, ನಾವಿಬ್ಬರೂ ಒಂದೇ ಥರ ಇದ್ದೀವಲ್ಲ ದೊಡ್ಡಮ್ಮ, ಎಲ್ಲರೂ ಹೇಳ್ತಾರೆ ಅಂದೆ.

"ಎಲ್ಲರೂ ಪಟ ನೋಡಿ ಹೇಳ್ತಾರೆ. ನೀನು ಅವರ ಹಾಗೆ ಒಂಚೂರೂ ಇರ್ಲಿಲ್ಲ. ಅವತ್ತು ಯಾರನ್ನಾದ್ರೂ ಕೂರಿಸ್ಬೇಕಿತ್ತು, ಕೂರಿಸ್ದೆ."

ಅದರಲ್ಲಿ ದೂರಿರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಇಪ್ಪತ್ತು ಮೂವತ್ತು ವರ್ಷ ದಿನಾ ಬೆಳಗ್ಗೆ ಆ ಗೋಡೆಗೆ ಹೂ ಏರಿಸುತ್ತ, ಸ್ವಲ್ಪ ಸ್ವಲ್ಪವಾಗಿ ಗಂಡನನ್ನು ಕಳೆದುಕೊಂಡು ನನ್ನನ್ನು ಪಡೆದಿದ್ದಳು. ನನ್ನನ್ನು ಇಟ್ಟುಕೊಂಡು ಅವಳೇನು ಮಾಡಬೇಕು? ಆ ಸ್ಟೂಲಿನ ಮೇಲೆ ಅಷ್ಟು ನೆಟ್ಟಗೆ, ಅಷ್ಟು ಚೆನ್ನಾಗಿ ಕೂರದೇ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಅವಳು ಹೋದ ವರ್ಷ ಹೋದಳು. ಕಣ್ಣು ಮುಚ್ಚಿದಾಗ ಕಡೆಗೆ ಯಾರು ಬಂದರೋ.

ಇದೆಲ್ಲ ಮಳೆಮರದ ಕೆಳಗೆ ನಿಂತಿದ್ದಷ್ಟು ಹೊತ್ತಿನಲ್ಲಿ ತಲೆಯಲ್ಲಿ ಬಂದು ಹೋಯಿತು. ಹುಡುಗಿ ಆಯ್ತು ಸರ್ ಅಂದಳು. ನಾನು ರಸ್ತೆ ದಾಟಿ ಹೋಗಿ, ಸ್ವಲ್ಪ ಹತ್ತಿರದಿಂದ ಮುಖಾನೂ ಬರೋ ಹಾಗೆ ಇನ್ನೊಂದು ತೆಗೀತೀಯೇನಮ್ಮ ಅಂದೆ.

"ಹತ್ರ ಬಂದ್ರೆ ಮರ ಬರಲ್ಲ ಸರ್," ಎಂದು ನಕ್ಕು ತೆಗೆದದ್ದನ್ನೇ ತೋರಿಸಿದಳು. ಎರಡು ಬೆರಳಿನಿಂದ ನನ್ನನ್ನು ದೊಡ್ಡದು ಮಾಡಿದೆ. ಮುಖ ನೆರಳಿನಲ್ಲಿ ಚೂರುಚೂರು ಚೌಕಗಳಾಗಿ ಒಡೆಯಿತು, ಥೇಟ್ ಗಫೂರ್ ಸಾಹೇಬರ ರವೆ. ಅವಳು ಮುಂದಿನ ಮರಕ್ಕೆ ಹೋದಳು.

ನಿನ್ನೆ ದೊಡ್ಡಪ್ಪನ ತಿಥಿ. ಬೆಳಗ್ಗೆ ಪಟ ಕೆಳಗಿಳಿಸಲು ಹೋದವನು ಅದರ ಎದುರು ನಿಂತೆ. ನನಗೀಗ ದೊಡ್ಡಪ್ಪನಿಗಿಂತ ಹೆಚ್ಚು ವಯಸ್ಸು. ಕೋಟು ತೊಟ್ಟ ಆ ಮನುಷ್ಯ ಈಗ ನನ್ನ ಹಾಗೂ ಇಲ್ಲ. ಅವನನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಪೀಠದ ಮೇಲೆ ತೇಗದ ಮರ ಇಟ್ಟೆ. ಪುರೋಹಿತರು ಚಿಕ್ಕ ವಯಸ್ಸಿನವರು. ಗಂಧದ ಬಟ್ಟಲು ಹಿಡಿದು, ಇದ್ರಲ್ಲಿ ಯಜಮಾನ್ರು ಎಲ್ಲಿದ್ದಾರೆ ಸರ್ ಎಂದು ಕೇಳಿದರು. ನಾನು ತೋರಿಸಿದೆ. ಅವರ ಬೆರಳು ಅತ್ತ ಹೋಗುವಷ್ಟರಲ್ಲಿ ಕೈ ಹಿಡಿದು, ಬಟ್ಟಲು ತೆಗೆದುಕೊಂಡು, ದೊಡ್ಡಪ್ಪ ನಿಂತ ಜಾಗ ಬಿಟ್ಟು ಮರದ ಬುಡಕ್ಕೆ ಗಂಧ ಇಟ್ಟೆ.

ಸೊಂಟದ ಮೇಲೆ ಕೈಯಿಟ್ಟುಕೊಂಡು ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ಬಲ್ಲವರು, ನಾನೂ ಸೇರಿದಂತೆ, ಆ ಮನೆಯಲ್ಲಿ ಯಾರೂ ಇರಲಿಲ್ಲ.