ಎಮ್ಮೆಗೆ ಹೇಳಿದ್ದು, ದಫೇದಾರ ಬರೆದದ್ದು

ನನ್ನ ಗಂಡನ ಕೊಲೆಯಾಗಿದೆ ಎಂದು ಪೊಲೀಸಿನವರು ನಮ್ಮ ಅಂಗಳಕ್ಕೆ ಬಂದಾಗ ನನಗೆ ಹತ್ತೊಂಬತ್ತು ವರ್ಷ, ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಓದುವವರು ಗಾಬರಿಯಾಗಬೇಕಿಲ್ಲ. ಕೊಲೆಯಾದ ಆ ಗಂಡ ಆಮೇಲೂ ನಲವತ್ತು ವರ್ಷ ನನ್ನ ಕೈಯಡುಗೆ ಉಂಡು, ಉಪ್ಪು ಕಮ್ಮಿ ಎಂದು ಗೊಣಗಿ, ನನ್ನಿಂದ ಬೈಸಿಕೊಂಡು ಸುಖವಾಗಿ ಬಾಳಿದ. ಈ ಕತೆ ಹೇಳಿದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುತ್ತಿದ್ದವನೂ ಅವನೇ. ನಾನೂ ನಗುತ್ತೇನೆ. ಒಂದು ಜಾಗಕ್ಕೆ ಬಂದಾಗ ಮಾತ್ರ ನನ್ನ ನಗು ನಿಲ್ಲುತ್ತದೆ.

ನಮ್ಮದು ತಮಿಳು ಸೀಮೆಯ ಅಂಚಿನಲ್ಲಿ, ಉದ್ದನಪಲ್ಲಿಯಿಂದ ಒಂದು ಹರದಾರಿ ದೂರದ ಹಳ್ಳಿ. ಅಪ್ಪ ಬೇಗ ಹೋಗಿಬಿಟ್ಟಿದ್ದ. ನಾನೊಬ್ಬಳೇ ಮಗಳು. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ತನ್ನ ತಮ್ಮನಿಗೆ ಕೊಡುವುದಾಗಿ ಅವ್ವ ಮಾತು ಕೊಟ್ಟಿದ್ದಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ನಡೆದುಬಂದದ್ದೇ. ಆದರೆ ಆ ಮಾವ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿ, ಮೂಗು ಒರೆಸಿದವನು. ಅವನನ್ನು ಗಂಡ ಎಂದುಕೊಳ್ಳಲು ನನ್ನಿಂದಾಗಲಿಲ್ಲ. ಒಲ್ಲೆ ಎಂದೆ. ದೊಡ್ಡಪ್ಪ ನಡುವೆ ನಿಂತು ತಳಿ ಎಂಬ ಊರಿನ ಕಡೆಯ ಹುಡುಗನಿಗೆ ನನ್ನನ್ನು ಕೊಟ್ಟು, ಅಪ್ಪನ ಹೊಲ ಉಳಲು ಅವನನ್ನು ನಮ್ಮೂರಿಗೇ ಕರೆತಂದ. ಅವ್ವ ಧಾರೆಯ ಹೊತ್ತಿಗೆ ಬಂದು ನಿಂತಳು, ಊಟಕ್ಕೆ ನಿಲ್ಲಲಿಲ್ಲ. ಮುಂದಿನ ವಾರ ಮನೆ ಎರಡು ಪಾಲಾಗಿ, ಅಂಗಳದ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ ಎದ್ದಿತು. ಆವತ್ತಿನಿಂದ ಎರಡು ವರ್ಷ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾನೇನು ಕಮ್ಮಿ, ನಾನೂ ಆಡಲಿಲ್ಲ.

ಗೋಡೆ ಹಾಕಿ ಎಲ್ಲವನ್ನೂ ಪಾಲು ಮಾಡಬಹುದು, ಎಮ್ಮೆಯನ್ನು ಮಾಡಲಾಗುವುದಿಲ್ಲ. ನಮಗೆ ಇದ್ದದ್ದು ಒಂದೇ ಎಮ್ಮೆ. ಅದರ ಕೊಟ್ಟಿಗೆ ಹಿತ್ತಲಲ್ಲಿ, ಎರಡೂ ಮನೆಗೆ ಸೇರಿದಂತೆ. ಬೆಳಗಿನ ಹಾಲು ಅವ್ವನದು, ಸಂಜೆಯದು ನನ್ನದು. ಹೇಳಲೇಬೇಕಾದ ಮಾತಿದ್ದರೆ ಅವಳು ಎಮ್ಮೆಗೆ ಹೇಳುವಳು, ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ. ಕೆಲವರು ಅಂಗಳ ಗುಡಿಸಿ ಮೂರು ದಿನವಾಯಿತು, ಎಂಥ ಕಾಲ ಬಂತು ನೋಡು, ಎನ್ನುವಳು. ಸಂಜೆ ನಾನು ಅದರ ಬೆನ್ನು ತಿಕ್ಕುತ್ತಾ ಉತ್ತರ ಕೊಡುವೆ. ಊರಿಗೆಲ್ಲ ಇದು ರೂಢಿಯಾಗಿತ್ತು. ಎಮ್ಮೆಗೂ ಆಗಿತ್ತು, ನಮ್ಮ ಬೈಗುಳ ಕೇಳದ ದಿನ ಅದು ಹಾಲು ಇಳಿಸುವುದಿಲ್ಲ ಎಂದು ನನ್ನ ಗಂಡ ಹೇಳುತ್ತಿದ್ದ.

ಬಸುರಿಯಾಗಿ ನಾಲಿಗೆ ಕೆಟ್ಟಾಗ ನನಗೆ ಬೆಟ್ಟದ ನೆಲ್ಲಿಕಾಯಿಯ ಆಸೆ ಹತ್ತಿತು. ಮೂರು ಹೊತ್ತೂ ಅದೇ ಧ್ಯಾನ. ಗಂಡನಿಗೆ ಹೇಳಲಿಲ್ಲ. ಬಯಕೆ ತೀರಿಸಬೇಕಾದದ್ದು ತವರಿನವರು, ನನಗೆ ತವರೆಲ್ಲಿತ್ತು? ಒಂದು ಸಂಜೆ ಎಮ್ಮೆಯ ಹತ್ತಿರ ಹೇಳಿಕೊಂಡು ಅತ್ತು ಸುಮ್ಮನಾದೆ.

ಅದು ಯುದ್ಧದ ಕಾಲ. ಸುಗ್ಗಿ ಮುಗಿಯುತ್ತಲೇ ಅಧಿಕಾರಿಗಳು ಬಂದು ಮನೆಗಿಷ್ಟು ಎಂದು ಬಿಟ್ಟು, ಮಿಕ್ಕ ರಾಗಿಯನ್ನು ಲೆವಿ ಎಂದು ಒಯ್ಯುತ್ತಿದ್ದರು. ಚೀಟಿಯಿಲ್ಲದೆ ಒಂದು ಮೂಟೆ ಬೇರೆ ಊರಿಗೆ ಸಾಗಿಸಿದರೂ ತಪ್ಪು. ಹಾಗಾಗಿ ಊರಿನವರು ಹಗೇವುಗಳನ್ನು ನೆಚ್ಚಿಕೊಂಡರು. ಹಗೇವು ಎಂದರೆ ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಕಣಜ. ಸುತ್ತ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮೊದಲೆಲ್ಲ ಹಾಡುಹಗಲೇ ತುಂಬುತ್ತಿದ್ದೆವು. ಆ ವರ್ಷ ಒಬ್ಬೊಬ್ಬರೂ ಗುಟ್ಟಾಗಿ ತುಂಬಿದರು, ಒಬ್ಬೊಬ್ಬರ ಗುಟ್ಟೂ ಊರಿಗೆಲ್ಲ ಗೊತ್ತಿತ್ತು.

ಒಂದು ಬೆಳಗ್ಗೆ ನನ್ನ ಗಂಡ ತಲೆಯಲ್ಲಿ ಹುಲ್ಲುಕಡ್ಡಿ, ಮೊಣಕಾಲುದ್ದ ಮಣ್ಣು ಮಾಡಿಕೊಂಡು ಬಂದ. ಕೊಟ್ಟಿಗೆಯ ಹಿಂದಿನ ಅವ್ವನ ಹಗೇವನ್ನು ತುಂಬಿ ಮುಚ್ಚಿ ಬಂದಿದ್ದ, ನನಗೊಂದು ಮಾತು ಹೇಳದೆ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ನನ್ನ ಮುಖ ನೋಡದವಳಿಗೆ ನನ್ನ ಗಂಡ ಆಳಾಗಿ ದುಡಿಯುವುದೇ? ಸೊಪ್ಪು ಕೊಯ್ಯಲು ಹೊರಟಿದ್ದವಳ ಕೈಯಲ್ಲಿ ಕುಡುಗೋಲಿತ್ತು. ಅದನ್ನೇ ಆಡಿಸುತ್ತಾ, ಇನ್ನು ಆ ಮನೆಯಲ್ಲೇ ಇರು, ಈ ಹೊಸ್ತಿಲು ತುಳಿದರೆ ಕಾಲು ಕತ್ತರಿಸುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವನು ನಕ್ಕು, ಗೋಡೆ ಹಾರಿ ಆ ಕಡೆ ಹೋದ. ಮತ್ತೆ ಬರಲಿಲ್ಲ.

ಮೊದಲ ದಿನ ಜಂಭದಲ್ಲಿದ್ದೆ. ಎರಡನೇ ದಿನ ಮಾಡಿದ ಮುದ್ದೆ ಹಾಗೇ ಉಳಿಯಿತು. ತನ್ನ ಊರಿಗೆ ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ನಾಲ್ಕನೇ ದಿನ ತಳಿಯಿಂದ ಅವನ ಅಣ್ಣ ಕೋಸಿನ ಮೂಟೆ ಹೊತ್ತು ಬಂದು, ತಮ್ಮನೆಲ್ಲಿ ಎಂದು ನನ್ನನ್ನೇ ಕೇಳಿದಾಗ ನನ್ನ ಜೀವ ಬಾಯಿಗೆ ಬಂತು. ಅವನು ಬೀದಿಯಲ್ಲಿ ವಿಚಾರಿಸಿದ. ಬೀದಿಯವರು ಕುಡುಗೋಲಿನಿಂದಲೇ ಕತೆ ಶುರುಮಾಡಿದರು. ಅವನು ಅಲ್ಲಿಂದ ನೇರವಾಗಿ ಠಾಣೆಗೆ ಹೋದ.

ಮಾರನೇ ದಿನ ಆ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಸೈಕಲ್ ಮೇಲೆ ದಫೇದಾರ ಬಂದ. ತಂಜಾವೂರು ಕಡೆಯವನು, ಈ ಸೀಮೆಗೆ ಬಂದು ಹದಿನೈದು ದಿನವಾಗಿತ್ತು, ತಮಿಳು ಬಿಟ್ಟು ಬೇರೆ ಮಾತು ಬಾರದು. ಕನ್ನಡ, ತಮಿಳು, ತೆಲುಗು ಮೂರನ್ನೂ ನೀರು ಕುಡಿದಂತೆ ಆಡುವ, ನಮ್ಮೂರ ಪಟೇಲಿಕೆ ನೋಡುವ ಮಣಿಯಗಾರರು ಅವನಿಗೆ ಬಾಯಾಗಿ ನಿಂತರು. ಅವರ ಮನೆಯಡಿ ಎರಡು ಹಗೇವುಗಳಿದ್ದವು.

ಕುಡುಗೋಲು ಹಿಡಿದದ್ದು ನಿಜವೇ ಎಂದು ಕೇಳಿದ. ನಿಜ ಎಂದೆ. ಕಾಲು ಕತ್ತರಿಸುತ್ತೇನೆ ಎಂದದ್ದು? ಅದನ್ನು ದಿನಾ ಹೇಳುತ್ತೇನೆ ಎಂದೆ. ಹಾಗಾದರೆ ಅವನೆಲ್ಲಿ? ಭಯಕ್ಕೋ ಸಿಟ್ಟಿಗೋ, ನಾನು ಗೋಡೆಯತ್ತ ಕೈ ತೋರಿಸಿದೆ.

"ಆ ಮನೇಲಿ ಕೇಳಿ. ಅವ್ನ ಹೆಜ್ಜೆ ಕೊನೇಗೆ ಬಿದ್ದಿದ್ದು ಅಲ್ಲೇ."

ದಫೇದಾರ ಅದನ್ನು ಬರೆದುಕೊಂಡು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ. ನಾನು ಅಕ್ಷರ ಕಲಿತದ್ದು ಆಮೇಲೆ, ಮಗಳ ಸ್ಲೇಟಿನ ಮೇಲೆ.

ಅವರು ಗೋಡೆಯ ಆ ಕಡೆ ಹೋದರು. ಅವ್ವನ ಜೊತೆ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಅರ್ಧ ಗಂಟೆಯಾದ ಮೇಲೆ ದಫೇದಾರ ಕೊಟ್ಟಿಗೆಯ ಹಿಂದೆ ಬಂದು ಹೊಸದಾಗಿ ಮೆತ್ತಿದ ಮಣ್ಣನ್ನು ನೋಡುತ್ತಾ ನಿಂತ. ಲಾಠಿಯಿಂದ ಕುಟ್ಟಿದ, ಒಳಗೆ ಚಪ್ಪಡಿಯ ಸದ್ದು. ಅವನ ಸೀಮೆಯಲ್ಲಿ ಹೊಳೆಯ ಪಕ್ಕ ನೆಲ ತೋಡಿದರೆ ನೀರು ಬರುತ್ತದೆ, ಕಾಳನ್ನು ಯಾರೂ ಹೂಳುವುದಿಲ್ಲ, ಹೂಳುವುದು ಹೆಣವನ್ನು. ಇದೇನು ಎಂದು ಸೇರಿದ್ದವರನ್ನೆಲ್ಲ ಕೇಳಿದ. ಯಾರೂ ತುಟಿ ಬಿಚ್ಚಲಿಲ್ಲ. ಹಗೇವು ಎಂದು ಹೇಳಿದರೆ, ಊರಲ್ಲಿ ಇನ್ನೆಷ್ಟಿವೆ ಎಂದು ಕೇಳುತ್ತಾನೆ. ಮಣಿಯಗಾರರು ಆಕಾಶ ನೋಡಿದರು. ಅಷ್ಟು ದೊಡ್ಡ ಮೌನಕ್ಕೆ ಅವನು ಬೇರೆ ಯಾವ ಅರ್ಥ ತಾನೆ ಮಾಡಿಯಾನು? ಹೆಣ ತೆಗೆಯಲು ಮೇಲಿನವರು ಬರಲಿ ಎಂದು ಹೇಳಿಕಳಿಸಿ, ತಾನೇ ಆ ಚಪ್ಪಡಿಯ ಮೇಲೆ ಕಾವಲು ಕೂತ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನನ್ನ ಒಂದು ಸುಡುಮಾತಿನಿಂದ ಅವ್ವ ಜೈಲಿಗೆ ಹೋಗುತ್ತಾಳೆ. ಒಳಗಿರುವುದು ರಾಗಿ ಎಂದು ಬಾಯಿಬಿಟ್ಟರೆ ಅವಳ ಜೊತೆ ಊರಿಗೆ ಊರೇ ಹೋಗುತ್ತದೆ. ಗಂಡ ಎಲ್ಲಿ ಎನ್ನುವುದಂತೂ ಗೊತ್ತೇ ಇಲ್ಲ. ಸಂಜೆ ಹಾಲು ಕರೆಯಲು ಕೂತರೆ ಧಾರೆ ಚೆಂಬು ಬಿಟ್ಟು ನೆಲಕ್ಕೆ ಬಿತ್ತು. ಆಗ ಅವ್ವ ಹುಲ್ಲಿನ ಹೊರೆ ತಂದು ಎಮ್ಮೆಯ ಮುಂದೆ ಹಾಕಿದಳು. ದಫೇದಾರ ಹತ್ತು ಹೆಜ್ಜೆ ದೂರದಲ್ಲಿದ್ದ.

"ಲೇ ಎಮ್ಮೆ, ಅಳ್ಬ್ಯಾಡ ಕಣೇ. ಒಂದ್ ಮೂಟೆ ರಾಗಿ ಹೊತ್ಕಂಡು ಅಂಚೆಟ್ಟಿ ಬೆಟ್ಟಕ್ಕೆ ಹೋಗವ್ನೆ. ಅಲ್ಲಿನೋರ್ಗೆ ರಾಗಿ ಕೊಟ್ಟು ನೆಲ್ಲಿಕಾಯ್ ತತ್ತಾನೆ. ನೀನೇ ತಾನೆ ಆಸೆ ಪಟ್ಟಿದ್ದು."

ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು ದಫೇದಾರ ಕೇಳಿದ. ಎಮ್ಮೆಯ ಜೊತೆ ಎಂದರು ಮಣಿಯಗಾರರು. ಏನಂತೆ? ಚೆನ್ನಾಗಿ ಮೇದು ಬಾಯಿ ಮುಚ್ಚಿಕೊಂಡಿರಬೇಕಂತೆ.

ನಾನು ಎಮ್ಮೆಯ ಹೊಟ್ಟೆಗೆ ಮುಖ ಒತ್ತಿಕೊಂಡು ನಕ್ಕೆನೋ ಅತ್ತೆನೋ ತಿಳಿಯದು. ಗಂಡ ಬದುಕಿದ್ದಾನೆ. ನನಗೆ ನೆಲ್ಲಿಕಾಯಿ ಬರುತ್ತಿದೆ. ಅದಕ್ಕಿಂತ ಹೆಚ್ಚಾಗಿ, ನಾನು ಎಮ್ಮೆಯ ಹತ್ತಿರ ಹೇಳಿಕೊಂಡದ್ದನ್ನು ಅವ್ವ ಗೋಡೆಯಾಚೆಯಿಂದ ಕೇಳಿಸಿಕೊಂಡು ಅಳಿಯನನ್ನು ಕಳಿಸಿದ್ದಾಳೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಚೀಟಿಯಿಲ್ಲದೆ ರಾಗಿ ಹೊತ್ತು ಹೋದವನ ಹೆಸರು ಹೇಳಿದರೆ ಅವನನ್ನೂ ಹಿಡಿಯುತ್ತಾರೆ, ಆ ರಾಗಿ ಎಲ್ಲಿಯದು ಎಂದೂ ಕೇಳುತ್ತಾರೆ. ಅವನೇ ನಡೆದು ಬಂದು ನಿಲ್ಲಬೇಕಿತ್ತು. ಹೋಗಲು ಎರಡು ದಿನ, ಬರಲು ಎರಡು ದಿನ. ಇವತ್ತು ಐದನೆಯದು.

ಆರನೇ ದಿನವೂ ಅವನು ಬರಲಿಲ್ಲ.

ಊರಲ್ಲಿ ಹೋಟೆಲಿಲ್ಲ, ದಫೇದಾರ ಚಪ್ಪಡಿ ಬಿಟ್ಟು ಏಳುವ ಹಾಗಿಲ್ಲ. ಬಾಗಿಲಿಗೆ ಬಂದವನು ಹಸಿದು ಕೂರಬಾರದೆಂದು ಅವ್ವನೇ ಅವನಿಗೆ ಮುದ್ದೆ, ಹುರುಳಿ ಸಾರು ಬಡಿಸಿದಳು. ಅನ್ನ ತಿಂದು ಬೆಳೆದವನು ಮುದ್ದೆಯನ್ನು ಅಗಿಯತೊಡಗಿದ. ಅದು ಹಲ್ಲಿಗೆ ಮೆತ್ತಿಕೊಂಡು ಅವನ ಕಣ್ಣಲ್ಲಿ ನೀರು ಬಂತು. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಅವ್ವ ಎಮ್ಮೆಗೆ ವಿವರಿಸಿದಳು, ಮಣಿಯಗಾರರು ಅದನ್ನು ತಮಿಳಿಗೆ ತಿರುಗಿಸಿದರು. ಎರಡನೇ ದಿನ ಅವನು ಎರಡು ಮುದ್ದೆ ನುಂಗಿ, ಅವ್ವ ಕೊಟ್ಟ ಕಂಬಳಿ ಹೊದ್ದು, ಚಪ್ಪಡಿಯ ಮೇಲೆಯೇ ಗೊರಕೆ ಹೊಡೆದ. ಕೊಲೆಗಾತಿಯ ಮನೆಯಲ್ಲಿ ಅಷ್ಟು ನೆಮ್ಮದಿಯಾಗಿ ಮಲಗಿದ ಪೊಲೀಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಳನೇ ದಿನ ಬೆಳಗ್ಗೆ, ತಾವು ಬರಲಾಗುವುದಿಲ್ಲ, ನೀನೇ ತೆಗೆಸು ಎಂದು ಮೇಲಿನವರ ಚೀಟಿ ಬಂತು. ದಫೇದಾರ ಹಾರೆ ಹಿಡಿದ ನಾಲ್ವರನ್ನು ನಿಲ್ಲಿಸಿದ. ಅವ್ವ ಎಲೆಅಡಿಕೆ ಹಾಕಿಕೊಂಡು ಹೋಗಿ ಚಪ್ಪಡಿಯ ಮೇಲೆ ಕಾಲು ನೀಡಿ ಕೂತುಬಿಟ್ಟಳು. ನನ್ನ ಕಾಲು ನನ್ನನ್ನು ಕೇಳದೆ ನಡೆಯಿತು. ನಾನೂ ಹೋಗಿ ಅವಳ ಪಕ್ಕ ಕೂತೆ. ಎರಡು ವರ್ಷದ ಮೇಲೆ ಅವಳ ಭುಜ ನನಗೆ ತಗುಲಿತು.

"ಲೇ ಎಮ್ಮೆ, ಬಸ್ರಿ ಹೆಂಗ್ಸು ಕಲ್ಲಿನ್ ಮ್ಯಾಲೆ ಕುಂತ್ರೆ ಸೀತ ಆಯ್ತದೆ, ಎದ್ದೋಗು ಅಂತ ಯೋಳು," ಎಂದಳು.

"ಮುದ್ಕೀಗೂ ಆಯ್ತದೆ ಅಂತ ಯೋಳು," ಎಂದೆ ನಾನು.

ಇಬ್ಬರೂ ಏಳಲಿಲ್ಲ. ಹೆಂಗಸರನ್ನು ಮುಟ್ಟಲು ದಫೇದಾರನಿಗೆ ಧೈರ್ಯವಿಲ್ಲ. ಅವನು ಗದರುತ್ತಾ ನಿಂತಿದ್ದಾಗಲೇ ಬೀದಿಯ ತುದಿಯಲ್ಲಿ ಗಲಾಟೆಯಾಯಿತು. ಗಡ್ಡ ಬೆಳೆದು, ಪಂಚೆ ಹರಿದು, ತಲೆಯ ಮೇಲೆ ಮೂಟೆ ಹೊತ್ತು ನನ್ನ ಗಂಡ ಬಂದ. ದಾರಿಯಲ್ಲಿ ಆನೆಗಳು ಬೀಡುಬಿಟ್ಟು, ಎರಡು ದಿನ ಬೆಟ್ಟದ ಹಟ್ಟಿಯಲ್ಲೇ ಸಿಕ್ಕಿಹಾಕಿಕೊಂಡಿದ್ದನಂತೆ. ಜನ ಸೇರಿದ್ದನ್ನು ನೋಡಿ ಮೆಲ್ಲಗೆ ಕೇಳಿದ.

"ಯಾರ್ ಸತ್ರು?"

"ನೀನೇ ಕಣ್ಲಾ," ಎಂದ ಅವನ ಅಣ್ಣ. ಎರಡು ಬಾರಿಸಿ, ಆಮೇಲೆ ತಬ್ಬಿಕೊಂಡು ಅತ್ತ. ಮೂಟೆ ಬಿದ್ದು ನೆಲ್ಲಿಕಾಯಿಗಳು ಅಂಗಳದ ತುಂಬ ಉರುಳಿದವು. ಊರಿಗೆ ಊರೇ ನಕ್ಕಿತು. ನಾನು ಕೂತಲ್ಲೇ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡೆ, ಮಣ್ಣು ಕೂಡ ಒರೆಸದೆ.

ದಫೇದಾರ ಕಾಗದ ನೋಡಿದ, ನನ್ನ ಗಂಡನನ್ನು ನೋಡಿದ. ಆಮೇಲೆ ಲಾಠಿಯನ್ನು ಚಪ್ಪಡಿಯ ಕಡೆ ತೋರಿಸಿ, ಹಾಗಾದರೆ ಇದರೊಳಗೆ ಇರುವುದೇನು ಎಂದ. ನಗು ನಿಂತಿತು. ಮಣಿಯಗಾರರು ಮತ್ತೆ ಆಕಾಶ ನೋಡಿದರು. ಅವ್ವ ಎಲೆಅಡಿಕೆ ಉಗಿದು, ನೇರವಾಗಿ ಅವನ ಮುಖ ನೋಡಿ, ತನಗೆ ಬರುವ ಹರಕು ತಮಿಳಿನಲ್ಲಿ ಉತ್ತರ ಕೊಟ್ಟಳು.

"ರೆಂಡು ನಾಳ್ ನೀ ಸಾಪ್ಟದು."

ಎರಡು ದಿನ ನೀನು ಉಂಡದ್ದು. ದಫೇದಾರ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವುದು ತಂಜಾವೂರಿನಲ್ಲೂ ಇರಬೇಕು. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ನಗು ಬಂತು. ಆಳು ಸಿಕ್ಕಿದ ಎಂದು ಬರೆದುಕೊಂಡು, ಟೋಪಿಯ ತುಂಬ ನೆಲ್ಲಿಕಾಯಿ ತುಂಬಿಸಿಕೊಂಡು ಸೈಕಲ್ ಹತ್ತಿದ. ಹತ್ತುವ ಮುಂಚೆ ಒಂದು ಕಾಗದವನ್ನು ಮಣಿಯಗಾರರ ಕೈಗಿಟ್ಟು, ಇದನ್ನು ಹರಿದುಹಾಕಿ ಎಂದ.

ನನ್ನ ಹೆಬ್ಬೆಟ್ಟಿನ ಕಾಗದ ಅದೇ ಎಂದುಕೊಂಡು ನಾನು ಕೈ ಚಾಚಿದೆ. ಅದು ಅವ್ವನದು. ಓದಿ ಹೇಳಿ ಎಂದೆ. ಮಣಿಯಗಾರರು ಒಲ್ಲದ ಮನಸ್ಸಿನಿಂದಲೇ ಹೇಳಿದರು. ಆ ದಿನ ದಫೇದಾರ ಅವ್ವನಿಗೆ, ನನ್ನ ಅನುಮಾನವೆಲ್ಲ ನಿನ್ನ ಮಗಳ ಮೇಲೆ, ಕುಡುಗೋಲು ಹಿಡಿದದ್ದನ್ನು ಬೀದಿಯೆಲ್ಲ ನೋಡಿದೆ, ಅವಳನ್ನು ಠಾಣೆಗೆ ಒಯ್ಯುತ್ತೇನೆ ಎಂದಿದ್ದನಂತೆ. ಅದಕ್ಕೆ ಅವ್ವ ಬರೆಸಿದ್ದು ಇಷ್ಟು: ನನ್ನ ಮಗಳಿಗೆ ಏನೂ ಗೊತ್ತಿಲ್ಲ. ಏನಾಗಿದ್ದರೂ ಅದನ್ನು ಮಾಡಿದವಳು ನಾನು. ಒಯ್ಯುವುದಾದರೆ ನನ್ನನ್ನು ಒಯ್ಯಿರಿ.

ನನ್ನ ನಗು ನಿಲ್ಲುವುದು ಇಲ್ಲಿ. ನಾನು ಅವಳ ಮನೆಯತ್ತ ಕೈ ತೋರಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ನಡೆದು ಬರುವವನ ಕೊಲೆ ಒಪ್ಪಿಕೊಂಡರೆ ಏನು ಹೋಗುತ್ತದೆ ಎಂದು ಅವಳು ಮೊದಲು ಅಂದುಕೊಂಡಿರಬಹುದು. ಆದರೆ ಅವನು ಬಾರದೆ ಎರಡು ದಿನ ಕಳೆದರೂ ಅವಳು ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆ ಎರಡೂ ದಿನ ಎದ್ದು ದಫೇದಾರನಿಗೆ ಮುದ್ದೆ ತಿರುವಿದಳು.

ಸಂಜೆ ನಾನು ಕೊಟ್ಟಿಗೆಗೆ ಹೋದಾಗ ನನ್ನ ಸರದಿಯ ಹಾಲನ್ನು ಅವಳೇ ಕರೆಯುತ್ತಿದ್ದಳು. ನಾನು ಅದರ ಬೆನ್ನು ತಟ್ಟಿ, ಹಾಗೆ ಯಾಕೆ ಬರೆಸಿದಳು ಕೇಳು ಎಂದು ಎಮ್ಮೆಗೆ ಹೇಳಿದೆ. ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ. ಚೆಂಬು ತುಂಬಿದ ಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡಳು.

"ಬಸ್ರಿ ಮಗ್ಳ್ನ ಠಾಣೆ ಮೆಟ್ಲು ಹತ್ತಿಸ್ತೀನಾ? ನೆಲ್ಲಿಕಾಯ್ ತೊಳೆದಿಟ್ಟಿವ್ನಿ. ಬಾ, ಉಪ್ಪು ಹಾಕ್ಕಂಡು ತಿನ್ನು."

ಆ ಮಾತನ್ನು ಅವಳು ಎಮ್ಮೆಗೆ ಹೇಳಲಿಲ್ಲ.