ಮಾವಶಿಯ ಮೂಕ ಕಂಪ್ಯೂಟರ್

ಕಂಪ್ಯೂಟರಿನ ಹೊಟ್ಟೆ ಬಿಚ್ಚದೆ ಅದರಿಂದ ಕೆಲಸ ತೆಗೆಯಲಾಗದ ಕಾಲ ಅದು. ನಾನಾಗ ಹತ್ತರ ಹುಡುಗಿ. ಕಲಬುರಗಿಯ ಬೇಸಿಗೆಯಲ್ಲಿ ಚಹಾ ಆರುವ ಮೊದಲೇ ಅಂಗಳದ ಫರಸಿ ಕಲ್ಲು ಸುಡುತ್ತಿತ್ತು. ಕೂಲರಿನ ಒದ್ದೆ ಹುಲ್ಲಿನ ವಾಸನೆ, ಮಾಳಿಗೆಯ ಮೇಲಿನ ಸಂಡಿಗೆಯ ವಾಸನೆ, ಇವುಗಳ ಜೊತೆ ಆ ವರ್ಷ ಪಡಸಾಲೆಯಲ್ಲಿ ಸುಟ್ಟ ಧೂಳಿನ ವಾಸನೆಯೂ ಸೇರಿತ್ತು. ಅದು ಮಾವಶಿ ಕಮಲಾಪುರದ ಶಾಲೆಯಿಂದ ತಂದಿಟ್ಟಿದ್ದ ಹಳೆಯ ಕಂಪ್ಯೂಟರಿನದು.

ಮಾವಶಿ ಎಂದರೆ ನಮ್ಮಮ್ಮನ ತಂಗಿ. ಗಂಡನ ಮನೆ ಬಿಟ್ಟು ಬಂದಿದ್ದಳು. ಅಲ್ಲಿ ಹೊಡೆಯುತ್ತಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ಹೇಳದೆಯೂ ತಿಳಿಯುತ್ತದೆ. ಅವಳನ್ನು ಕರೆದೊಯ್ಯಲು ಗಂಡನ ಮನೆಯವರು ಗುರುವಾರ ಬರುವವರಿದ್ದರು.

"ನೌಕರಿ ಸಿಕ್ಕರ ಇಲ್ಲೇ ಇರು," ಎಂದಿದ್ದರು ಅಜ್ಜ. "ಸಿಗಲಿಲ್ಲಂದ್ರ ಹೋಗಬೇಕಾಗ್ತದ ನೋಡು. ಮಂದಿ ಬಾಯಿ ಹ್ಯಾಂಗ ಮುಚ್ಚಲಿ?"

ಶಾಲೆಯ ಹೆಡ್‌ಮಾಸ್ತರರ ಷರತ್ತು ಸರಳವಾಗಿತ್ತು. ಯಾರೋ ದಾನ ಕೊಟ್ಟ ಎರಡು ಕಂಪ್ಯೂಟರ್ ನಡೆಯಬೇಕು, ಒಂದಕ್ಕೊಂದು ವಾಯರಿನಿಂದ ಮಾತಾಡಬೇಕು. ಆಗ ಹುಡುಗಿಯರಿಗೆ ಕಲಿಸುವ ಕೆಲಸ ಮಾವಶಿಗೆ. ಮಾಸಿಕವೊಂದರ ಜೊತೆ ಪುಕ್ಕಟೆ ಬಂದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸೀಡಿ ಅವಳ ಬಳಿ ಇತ್ತು. ಮೊದಲನೆಯ ಕಂಪ್ಯೂಟರು ಶಾಲೆಯಲ್ಲೇ ಮಾತು ಕೇಳಿತು. ಮನೆಗೆ ಬಂದದ್ದು ಮಹಾ ಮೊಂಡ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ, ಒಂದು ಸಾಲಿಗೆ ಬಂದು ನಿಂತುಬಿಡುತ್ತಿದ್ದವು. ಕೀಲಿಮಣೆ ಒತ್ತಿದರೂ ಇಲ್ಲ, ಬಡಿದರೂ ಇಲ್ಲ. ಒಳಗೆ ಹಾಡು ನುಡಿಸುವ ಸೌಂಡ್ ಕಾರ್ಡು, ವಾಯರಿನ ನೆಟ್‌ವರ್ಕ್ ಕಾರ್ಡು ಎರಡೂ ಒಂದೇ ನಂಬರು ಬೇಕೆಂದು ಜಗಳಾಡುತ್ತಿದ್ದವಂತೆ. ಮಾವಶಿ ಅವುಗಳ ಜಾಗ ಬದಲಿಸಿದಳು, ನಂಬರು ಬದಲಿಸಿದಳು. ಮತ್ತೆ ಅದೇ ಸಾಲು, ಅದೇ ಮೌನ. ಸ್ಕ್ರೂಗಳಿದ್ದ ವಾಟಗ, ಅಂದರೆ ಬಟ್ಟಲು, ಹಿಡಿದು ಕೂಡುವುದು ನನ್ನ ಕೆಲಸ. ನಾನೋ ಕೂತಲ್ಲಿ ಕೂಡುವವಳಲ್ಲ.

"ಕಾಲಿಗೆ ಚಕ್ರ ಕಟ್ಕೊಂಡೀ ಏನ ನೀನು?" ಎಂದು ಅಜ್ಜಿ ಗದರುತ್ತಿದ್ದಳು. ತಾನು ಮಾತ್ರ ಬಾಗಿಲಿಗೂ ಅಡಿಗೆಮನೆಗೂ ಸುಮ್ಮಸುಮ್ಮನೆ ಓಡಾಡುತ್ತಿದ್ದಳು. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಮಾವಶಿ ಕಾರ್ಡುಗಳನ್ನೆಲ್ಲ ಕಿತ್ತು ಚಾಪೆಯ ಮೇಲೆ ಹಾಕಿದಳು. ಬರಿದಾದ ಡಬ್ಬಿ ತಕರಾರಿಲ್ಲದೆ ಚಾಲೂ ಆಯಿತು. ನೆಟ್‌ವರ್ಕ್ ಕಾರ್ಡು ಹಾಕಿದರೂ ನಡೆಯಿತು. ಸೌಂಡ್ ಕಾರ್ಡು ಹಾಕಿದಳು, ನಿಂತಿತು. ಕೈಯಲ್ಲಿ ಅದನ್ನು ಹಿಡಿದು ಅಜ್ಜನ ಕಡೆ ನೋಡಿದಳು. ಆ ಡಬ್ಬಿಗೆ ಪಡಸಾಲೆಯಲ್ಲಿ ಜಾಗ ಸಿಕ್ಕಿದ್ದೇ ತಂದ ದಿನ, ವಾಯರಿನ ಕಾರ್ಡು ಇನ್ನೂ ಹಾಕಿರದಾಗ, ಅದರಲ್ಲಿ ಅಜ್ಜನಿಗೆ ದಾಸರ ಪದ ಕೇಳಿಸಿದ್ದಕ್ಕೆ. ಅದಾದ ಮೇಲೆ ದಿನಾ ಸಂಜೆ ಪದ ಯಾವಾಗ ಎಂದು ಕೇಳುತ್ತಿದ್ದರು.

"ಅಪ್ಪಾ, ಇದನ್ನ ತಗೀಬೇಕು. ಇನ್ನ ಹಾಡು ಬರಂಗಿಲ್ಲ."

ಅಜ್ಜ ಪಂಚಾಂಗದಿಂದ ತಲೆ ಎತ್ತಿದರು. ಅವಳ ಗೀರಿಹೋದ ಬೆರಳುಗಳನ್ನು ನೋಡಿದರು.

"ಹಾಡು ಹೋದ್ರ ಹೋಗ್ಲಿ," ಎಂದರು. "ನೀ ಉಳಿ."

ಮಾವಶಿ ಅಳುತ್ತಲೇ ಸ್ಕ್ರೂ ಹಾಕಿದಳು. ಡಬ್ಬಿಯನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆವು. ಗುಂಡಿ ಬಂದಾಗಲೆಲ್ಲ ನಾನು ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಿದ್ದೆ. ಅಲ್ಲಿ ಅವಳು ಒಂದು ಕಂಪ್ಯೂಟರಿನಲ್ಲಿ ನನ್ನ ಹೆಸರು ಬರೆದಳು. ಅದು ಇನ್ನೊಂದರ ಪರದೆಯಲ್ಲಿ ಮೂಡಿತು. ನಾನು ಕುಣಿದುಬಿಟ್ಟೆ.

ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು, "ಸಾಲಿ ಸುರುವಾದ ದಿನದಿಂದನೇ ಬರ್ರಿ, ಬಾಯಾರೆ," ಎಂದರು. ನಮ್ಮ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ. ಮರಳುವಾಗ ಸ್ಟ್ಯಾಂಡಿನಲ್ಲಿ ಮಾವಶಿ ಕೆಂಪು ಬಾಳೆಹಣ್ಣು ಕೊಡಿಸಿದಳು. ತಾನೂ ಗಬಗಬ ತಿಂದಳು.

ಗುರುವಾರ ಅವರು ಬಂದರು. ಅಜ್ಜ ಹೊಸ್ತಿಲ ಮೇಲೆ ನಿಂತಿದ್ದರು.

"ಆಕಿ ನೌಕರಿಗೆ ಹೊಂಟಾಳ್ರೀ. ನಿಮ್ಮ ಮನಿಗೆ ಬರಂಗಿಲ್ಲ. ಚಹಾ ಕುಡದು ಹೋಗ್ರಿ."

ಅವರು ಚಹಾ ಕುಡಿಯಲಿಲ್ಲ.

ಈಗಿನ ಕಂಪ್ಯೂಟರು ಎಲ್ಲವನ್ನೂ ತಾನೇ ಗುರುತಿಸಿಕೊಳ್ಳುತ್ತದೆ, ಯಾರೂ ಅದರ ಮುಂದೆ ಕೂತು ಒದ್ದಾಡುವುದಿಲ್ಲ. ಒಳ್ಳೆಯದೇ ಆಯಿತು. ಮಾವಶಿ ಕಮಲಾಪುರದಲ್ಲಿ ಕಲಿಸಿ ಕಲಿಸಿ ನಿವೃತ್ತಳೂ ಆದಳು. ಅಜ್ಜ ಹೋಗಿ ಬಹಳ ವರ್ಷವಾಯಿತು. ಪೆಟ್ಟು ತಿಂದು ತವರಿಗೆ ಬಂದ ಹೆಣ್ಣುಮಕ್ಕಳ ಸುದ್ದಿ ನನ್ನ ಓಣಿಯಲ್ಲಿ ಇಂದಿಗೂ ಕೇಳುತ್ತದೆ. ಹೋಗಿ ನೋಡುತ್ತೇನೆ. ಮನೆತುಂಬ ಬುದ್ಧಿ ಹೇಳುವವರು ಇರುತ್ತಾರೆ, ಅಜ್ಜನಂತೆ ಹೊಸ್ತಿಲ ಮೇಲೆ ಯಾರೂ ನಿಂತಿರುವುದಿಲ್ಲ.