ತೊಲೆಗಳ ಕೆಳಗಿದ್ದ ಬಾಟಲಿ

ನನ್ನ ಗಂಡನ ಅಕ್ಕನನ್ನು ಮನೆಯವರೆಲ್ಲ ಕೆಸರಕ್ಕ ಎನ್ನುತ್ತಾರೆ. ನನಗೆ ಅತ್ತಿಗೆ. ಹೊಸ ಕಟ್ಟಡಕ್ಕೆ ಪಾಯ ತೆಗೆಯುವ ಮೊದಲು ಆ ನೆಲದಲ್ಲಿ ಹಳೆಯದೇನಾದರೂ ಹೂತಿದೆಯೇ ಎಂದು ಅಗೆದು ನೋಡುವುದು ಅವರ ಕೆಲಸ. ಸಂಜೆ ಅವರು ಬಂದರೆ ಬಾಗಿಲಲ್ಲೇ ಬೂಟು ಬಿಚ್ಚಿಸಿ ನೇರ ಬಚ್ಚಲಿಗೆ ಕಳಿಸುವವಳು ನಾನು. ಮಗಳಿಗಿನ್ನೂ ಮೂರು ತುಂಬಿಲ್ಲ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇಷ್ಟು ವರ್ಷ ಆಯ್ತು, ನಿಂದು ಬರೀ ಕೆಸರೇ ಕಣೇ" ಎಂದು ಅತ್ತೆ ರೇಗಿಸಿದರೆ, "ಮೊಸರು ಹಾಕೋಕೆ ನೀನಿದ್ದೀಯಲ್ಲಮ್ಮ" ಎಂದು ತಟ್ಟೆ ಚಾಚುವ ಪೈಕಿ ಅವರು.

ಈ ವರ್ಷ ಅವರ ಕೆಲಸ ಪಾಳುಬಿದ್ದ ಹಡಗುಕಟ್ಟೆಯಲ್ಲಿ. ಒಂದು ಕಾಲಕ್ಕೆ ಅಲ್ಲಿ ಕಲ್ಲಿದ್ದಲು ಇಳಿಯುತ್ತಿತ್ತಂತೆ. ಈಗ ವಸತಿ ಕಟ್ಟಡ ಏಳಲಿದೆ. ಕಟ್ಟೆಯ ಕಲ್ಲುಗೋಡೆಯ ಹಿಂದೆ ಒಂದು ಮೂಲೆಯಲ್ಲಿ, ಕಪ್ಪು ಮಣ್ಣಿನಡಿ, ಸಾಲಾಗಿ ಮಲಗಿದ್ದ ಮರದ ತೊಲೆಗಳು ಸಿಕ್ಕವು. ಕಲ್ಲಿನ ಕಟ್ಟೆಗಿಂತ ಮೊದಲೇ ಇಲ್ಲೊಂದು ಮರದ ಕಟ್ಟೆಯಿತ್ತು, ಇದು ಅದೇ ಎಂದರು ಅತ್ತಿಗೆ. ಆ ಮಾತಿನ ಮೇಲೆ ಕಟ್ಟಡದ ಎಂಜಿನಿಯರು ಆ ಮೂಲೆಯ ಕೆಲಸ ನಿಲ್ಲಿಸಿದರು, ಅಗೆಯಲು ಹೆಚ್ಚು ದಿನ ಕೊಟ್ಟರು. ಒದ್ದೆ ಮರ ಒಣಗಿದರೆ ಸೀಳುತ್ತದೆಂದು ಅತ್ತಿಗೆ ತೊಲೆಗಳಿಗೆ ಗೋಣಿ ಹೊದಿಸಿ ಆಗಾಗ ನೀರು ಚಿಮುಕಿಸುತ್ತಿದ್ದರು. ಮಗಳಿಗೆ ಜ್ವರ ಬಂದಾಗ ನಾನೂ ಅಷ್ಟು ಸಲ ಹಣೆಯ ಬಟ್ಟೆ ಬದಲಿಸಿರಲಿಕ್ಕಿಲ್ಲ.

ಒಂದು ಭಾನುವಾರ ಊರವರಿಗೆಲ್ಲ ತೋರಿಸುವುದೆಂದಾಯಿತು. ನಾನೂ ಮಗಳನ್ನು ಸೊಂಟಕ್ಕೇರಿಸಿಕೊಂಡು ಅತ್ತಿಗೆಯ ಜೊತೆ ಮೊದಲೇ ಹೋದೆ. ಎಲ್ಲೆಲ್ಲೂ ತುಕ್ಕು ಮೊಳೆ, ಬಾಯ್ತೆರೆದ ಗುಂಡಿಗಳು, ಆಚೆ ನೀರು. ನನ್ನ ಜೀವ ಹಿಡಿಯಷ್ಟಾಗಿತ್ತು.

ಜನ ಬರುವ ಮುಂಚೆ ಗುಂಡಿಯ ಅಂಚನ್ನು ಕರಣೆಯಿಂದ ತೆಳ್ಳಗೆ ಹೆರೆದು ನುಣುಪು ಮಾಡುವುದು ಇವರ ರೂಢಿ. ಆಗ ಮಣ್ಣಿನ ಪದರಗಳು ಚೆನ್ನಾಗಿ ಕಾಣುತ್ತವೆ. ಅತ್ತಿಗೆ ಹಾಗೆ ಹೆರೆಯುತ್ತಿದ್ದವರು ಗಕ್ಕನೆ ನಿಂತರು. ತೊಲೆಯ ಅಡಿಯ ಬೂದಿಯಿಂದ ಗಾಜಿನ ಬಾಟಲಿಯೊಂದರ ಕುತ್ತಿಗೆ ಇಣುಕಿತ್ತು. ಸುತ್ತಲಿನ ಬೂದಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು, ಎಲ್ಲೂ ಸಡಿಲವಿರಲಿಲ್ಲ, ಆಮೇಲೆ ಯಾರೋ ತೂರಿಸಿದ್ದಲ್ಲ. ಬಾಟಲಿ ತೆಗೆದು ತೊಳೆದರು. ಅಚ್ಚಿನ ಹೋಳುಗಳು ಕೂಡಿದ ಎರಕದ ಗೆರೆ ಬಾಯಂಚಿನವರೆಗೂ ಇತ್ತು. ಅಂದರೆ ಯಂತ್ರದಲ್ಲಿ ಮಾಡಿದ್ದು, ಅಷ್ಟೇನೂ ಹಳೆಯದಲ್ಲ.

"ಏನಾಯ್ತು ಅತ್ತಿಗೆ? ಕೈ ಕುಯ್ತಾ? ಇಂಜೆಕ್ಷನ್ ತಗೋಬೇಕು!"

"ಕೈ ಅಲ್ಲ ಕಣೇ, ಕತ್ತೇ ಕುಯ್ತು. ನೀನು ಹಾಸಿಗೆ ಎತ್ತಿದಾಗ ಅಡೀಲಿ ಮಗು ಗೊಂಬೆ ಸಿಕ್ತು ಅನ್ಕೋ. ಯಾವುದು ಮೊದಲು ಬಂದಿದ್ದು?"

"ಗೊಂಬೆ."

"ಹಾಗೇನೇ. ಬಾಟಲಿ ಮೇಲೆ ತೊಲೆ ಕೂತಿದೆ. ಬಾಟಲಿ ನಮ್ಮಜ್ಜಿ ಕಾಲದ್ದು. ಕಲ್ಲುಗೋಡೆ ಅದಕ್ಕಿಂತ ಎಷ್ಟೋ ಹಳೇದು. ಇದು ಕಟ್ಟೆ ಅಲ್ಲ, ಯಾವುದೋ ಹಡಗು ಒಡೆದ ಮರ, ಆಮೇಲೆ ಯಾರೋ ತಂದು ಹಾಸಿದ್ದಾರೆ."

ಅವರ ತಂಡದ ಮುಖ್ಯಸ್ಥರು ದಡದಡನೆ ಇಳಿದು ಬಂದರು. "ಇವತ್ತೊಂದಿನ ಹೊಟ್ಟೇಲಿಟ್ಕೊಳ್ಳಮ್ಮ. ಆ ಎಂಜಿನಿಯರಿಗೆ ಗೊತ್ತಾದ್ರೆ ಕೊಟ್ಟಿರೋ ದಿನಾನೆಲ್ಲ ಕಿತ್ಕೋತಾನೆ."

ಗೇಟಿನಲ್ಲಿ ಜನ ನೆರೆದಿದ್ದರು. ಎಂಜಿನಿಯರೂ ಹೆಂಡತಿಯನ್ನು ಕರೆತಂದಿದ್ದರು. ಸುಮ್ಮನಿರಿ ಅತ್ತಿಗೆ, ಸುಮ್ಮನಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ಬಾಟಲಿ ಹಿಡಿದೇ ಮೇಲೆ ಹತ್ತಿದರು.

"ಮರದ ಕಟ್ಟೆ ಅಂತ ಬೋರ್ಡ್ ಹಾಕಿದ್ದೀವಿ. ಹಾಕ್ಸಿದ್ದು ನಾನೇ. ಅದು ತಪ್ಪು. ಹೇಗೆ ತಪ್ಪು ಅಂತ ತೋರಿಸ್ತೀನಿ, ಬನ್ನಿ."

"ಅಂದ್ರೆ ಇಷ್ಟು ದಿನ ಗುಜರಿಗೆ ನೀರು ಹಾಕಿದ್ರಾ?" ಎಂದು ಯಾರೋ ಕುಟುಕಿದರು.

"ಹೌದು ಸ್ವಾಮಿ. ಚಿಗುರುತ್ತೇನೋ ಅಂತ ಕಾಯ್ತಿದ್ದೆ."

ಜನ ಘೊಳ್ಳೆಂದು ನಕ್ಕರು. ಎಂಜಿನಿಯರು ನಗಲಿಲ್ಲ. ಮಾರನೆಯ ಬೆಳಿಗ್ಗೆಯೇ ಹೆಚ್ಚುವರಿ ದಿನಗಳು ರದ್ದಾದವು. ಇನ್ನು ಯಂತ್ರವೇ ಮಣ್ಣು ಕೆರೆಯುತ್ತದೆ, ಇವರು ಪಕ್ಕದಲ್ಲಿ ನಿಂತು ನೋಡಬಹುದು, ಅಷ್ಟೇ. ಆ ರಾತ್ರಿ ಅತ್ತಿಗೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತರು. ಅತ್ತೆ ರೇಗಿಸಲಿಲ್ಲ. "ಇನ್ನು ನನ್ನ ಮಾತನ್ನ ಅಲ್ಲಿ ಯಾರು ಕೇಳ್ತಾರೆ?" ಎಂದರು ಅತ್ತಿಗೆ.

ಅದೇ ವಾರ, ಆ ಮೂಲೆಯಲ್ಲೇ, ಯಂತ್ರ ಆಳಕ್ಕಿಳಿದಾಗ ನಿಲ್ಲಿಸಿ ಎಂದು ಅತ್ತಿಗೆ ಕೈಯೆತ್ತಿದರು. ಕೆಸರಿನಲ್ಲಿ ಕಂಡದ್ದು ಒಂದು ಕಲ್ಲಿನ ಅಂಚು ಮಾತ್ರ. ಯಂತ್ರದವನು ಎಂಜಿನಿಯರ ಮುಖ ನೋಡಿದ.

"ನಿಲ್ಸೋ" ಎಂದರಂತೆ ಎಂಜಿನಿಯರು. "ಇಲ್ದೇ ಇದ್ದಾಗ ಇಲ್ಲ ಅಂದೋರು ಅವರು. ಇದೆ ಅಂದ್ರೆ ಇರುತ್ತೆ."

ಇತ್ತು. ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು, ಕಟ್ಟೆಗಿಂತ ಹಳೆಯವು, ನಡುವೆ ಪಾದಗಳು ಸವೆಸಿದ ಗುಳಿ. ಪತ್ರಿಕೆಯವರು ಮೆಟ್ಟಿಲಿನ ಫೋಟೋ ಹಾಕಿದರು. ನಾನು ಗಂಡನಿಗೆ, ಪಕ್ಕದ ಮನೆಯವರಿಗೆ, ಮಗಳ ಡಾಕ್ಟರಿಗೆ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದು ಮಾತ್ರ ಎಂಜಿನಿಯರ ಆ ಮಾತನ್ನು.